ಹೂತ ಮೇಲೆ ಕಾಫಿ ಕುಡಿದವನು

ಕಾಮಗ್ವೇ ಊರಿನ ಎವೆಲಿಯೊ ಕ್ಷೌರಿಕ. ಕ್ಯೂಬಾದಲ್ಲಿ ಕ್ಷೌರಿಕನನ್ನು ಮೇಷ್ಟ್ರೇ ಅಂತಲೇ ಕರೆಯುವುದು. ಇವನೋ, ಅದನ್ನು ನಿಜವೆಂದೇ ನಂಬಿಬಿಟ್ಟಿದ್ದ. ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಬರುವ ಗಂಭೀರ ಸಿನಿಮಾ ನೋಡುವುದು, ವಾರವಿಡೀ ಗಿರಾಕಿಗಳಿಗೆ ಅದರ ಒಳಾರ್ಥ ಬಿಡಿಸಿ ಹೇಳುವುದು, ಇದೇ ಅವನ ಬಾಳು. ಕುತ್ತಿಗೆಯ ಮೇಲೆ ಕತ್ತಿ ಆಡುತ್ತಿರುವಾಗ ಎದುರು ಮಾತಾಡಲು ಯಾರಿಗೆ ಹುಚ್ಚು? ಎಲ್ಲರೂ ಹೂಂಗುಟ್ಟುತ್ತಿದ್ದರು.

ಅವನಿಗಿದ್ದದ್ದು ಒಂದೇ ಆಸೆ. ಸಿನಿಮಾಕ್ಕೆ ಮುಂಚೆ ನಿರೂಪಕ ವೀಕ್ಷಕರ ಪತ್ರ ಓದುತ್ತಿದ್ದ. ತನ್ನದೂ ಒಂದನ್ನು ಓದಬೇಕು. ಆರು ವರ್ಷ ಬರೆದ. ಒಂದನ್ನೂ ಓದಲಿಲ್ಲ. "ಮೇಷ್ಟ್ರೇ, ಈ ವಾರಾನೂ ಇಲ್ವಾ?" ಎಂದು ಪಕ್ಕದ ಮನೆಯ ಫರ್ಮಿನ್ ಕಿಚಾಯಿಸಿದಾಗ ನಗುತ್ತಿದ್ದ. ರಾತ್ರಿ ಕೂತು ಮತ್ತೊಂದು ಪತ್ರ ಬರೆಯುತ್ತಿದ್ದ.

ಒಂದು ಭಾನುವಾರ ಹಳ್ಳಿಯ ಗಂಡ ಹೆಂಡಿರ ಕಥೆ ಬಂತು. ನಡುವಿನಲ್ಲೇ ಗಂಡ ಸತ್ತ, ಅವನನ್ನು ಹೂತೂ ಆಯಿತು. ಮರುಕ್ಷಣ ನೋಡಿದರೆ ಆಸಾಮಿ ಆರಾಮಾಗಿ ಕೂತು ಕಾಫಿ ಹೀರುತ್ತಿದ್ದಾನೆ!

ಎವೆಲಿಯೊನ ಹೆಂಡತಿ ಓಬ್ದುಲಿಯಾ ಯಾವತ್ತೂ ಅಡುಗೆಮನೆ ಬಾಗಿಲಲ್ಲಿ ನಿಂತೇ ಸಿನಿಮಾ ನೋಡುವವಳು. ಬಾಳೆಕಾಯಿ ಕರಿಯುತ್ತಿದ್ದ ಸೌಟು ಹಿಡಿದೇ ಕೇಳಿದಳು: "ಲೇ ಮುದುಕಾ, ಇವನ್ನ ಈಗ್ತಾನೆ ಹೂತ್ರಲ್ವಾ? ಕಾಫಿ ಹೆಂಗ್ ಕುಡೀತಾನೆ?"

"ನಿಂಗೆ ಅರ್ಥ ಆಗಲ್ಲ ಬಿಡೆ. ಅದು ಕಾಫಿ ಅಲ್ಲ, ನೆನಪು," ಎಂದ ಎವೆಲಿಯೊ. ಅವಳು ಪಕ್ಕದಲ್ಲಿಟ್ಟ ಲೋಟವನ್ನು ಟೀವಿಯಿಂದ ಕಣ್ಣು ಕೀಳದೆ ಎತ್ತಿಕೊಂಡ.

ಅವತ್ತೇ ನಾಲ್ಕು ಪುಟ ಗೀಚಿದ. 'ಮೊದಲು ಹೂತು, ಆಮೇಲೆ ಕಾಫಿ ಕುಡಿಸಿದ ನಿರ್ದೇಶಕ ಸಾವಿನ ಪಂಚಾಂಗವನ್ನೇ ತಿರುಗಿಸಿದ್ದಾನೆ!'

ಮೂರು ವಾರಕ್ಕೆ ದೇವರು ಕಣ್ಣು ಬಿಟ್ಟ. ಆ ಭಾನುವಾರ ಕಾಮಗ್ವೇಯ ಪತ್ರ ಓದುತ್ತೇವೆಂದು ಹಿಂದಿನ ದಿನವೇ ಟೀವಿಯಲ್ಲಿ ಸಾರಿದರು. ಬೀದಿಗೆ ಬೀದಿಯೇ ಬಂದು ಮನೆಯಲ್ಲಿ ತುಂಬಿಕೊಂಡಿತು. ಎವೆಲಿಯೊ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮದುಮಗನಾಗಿ ಕೂತ. ನಿರೂಪಕ ಪಂಚಾಂಗದ ಸಾಲು ಓದಿದ್ದೇ ತಡ, ಚಪ್ಪಾಳೆಯೋ ಚಪ್ಪಾಳೆ.

ನಿರೂಪಕ ಗಂಟಲು ಸರಿಮಾಡಿಕೊಂಡ. "ಅವತ್ತು ನಮ್ಮಿಂದ ರೀಲುಗಳು ಹಿಂದುಮುಂದಾಗಿದ್ವು, ಕ್ಷಮಿಸಿ. ಅದನ್ನೇ ಮಹಾ ಕಲೆ ಅಂತ ನಾನೂ ಇಪ್ಪತ್ತು ನಿಮಿಷ ಹೊಗಳಿದ್ದೆ. ತಪ್ಪು ಹಿಡಿದೋರು ಒಬ್ಬರೇ. ವಿಳಾಸ ಅದೇ, ಹೆಸರು ಓಬ್ದುಲಿಯಾ. ಅವರು ಬರೀತಾರೆ: 'ಸ್ವಾಮಿ, ಹೂತವನು ಕಾಫಿ ಕುಡಿಯಲ್ಲ. ಹಿಂದಿಂದು ಮುಂದೆ ಹಾಕಿದ್ದೀರಿ. ಆ ಹೆಂಗಸಿನ ಕಥೆ ಏನಾಯ್ತೂಂತ ನಿದ್ದೆ ಬರ್ತಿಲ್ಲ, ಸರಿಯಾಗಿ ತೋರಿಸಿ.' ಅದಕ್ಕೇ ಇವತ್ತು ಮತ್ತೆ ಹಾಕ್ತಿದ್ದೀವಿ."

ಮನೆಯಲ್ಲಿ ಎದ್ದ ನಗುವಿಗೆ ಹೆಂಚು ಹಾರಬೇಕಿತ್ತು. ಫರ್ಮಿನ್ ಓಬ್ದುಲಿಯಾಳನ್ನು ಅಡುಗೆಮನೆಯಿಂದ ಎಳೆತಂದು ಮೇಷ್ಟ್ರ ತೂಗುಕುರ್ಚಿಯಲ್ಲೇ ಕೂರಿಸಿದ. ಮೇಷ್ಟ್ರು ಬಾಗಿಲಲ್ಲಿ ನಿಂತರು, ಪಾಪ. ಸಿನಿಮಾ ಈ ಸಲ ನೆಟ್ಟಗೆ ಓಡಿತು. ಕೊನೆಗೆ ಓಬ್ದುಲಿಯಾ ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಫರ್ಮಿನ್ ಗಡ್ಡಕ್ಕೆಂದು ಮನೆ ಜಗಲಿಯ ಅಂಗಡಿಗೆ ಬಂದ. ಎವೆಲಿಯೊ ಜಗ್ಗುವ ಪೈಕಿಯೇ? ಕತ್ತಿ ಆಡಿಸುತ್ತಾ ಶುರುವಿಟ್ಟ: "ನೋಡಪ್ಪಾ, ನೆಟ್ಟಗೆ ಹೇಳೋದೇ ಆ ನಿರ್ದೇಶಕನ ನಿಜವಾದ ಧೈರ್ಯ..."

"ಅದಿರ್ಲಿ ಮೇಷ್ಟ್ರೇ, ಅಕ್ಕ ಯಾಕೆ ಅತ್ರು?"

ಕತ್ತಿ ನಿಂತಿತು. ಮೂವತ್ತೊಂದು ವರ್ಷದ ಸಂಸಾರ. ಸಿನಿಮಾ ನೋಡಿ ನಿನಗೇನನ್ನಿಸಿತು ಎಂದು ಅವನು ಒಂದು ದಿನವೂ ಅವಳನ್ನು ಕೇಳಿರಲಿಲ್ಲ. ನಾಚಿಕೆಯಾಯಿತು. ಅರ್ಧ ಗಡ್ಡದ ಗಿರಾಕಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದ.

"ಮುದುಕಿ, ನಿನ್ನೆ ಯಾಕೆ ಅಳ್ತಿದ್ದೆ?"

ಓಬ್ದುಲಿಯಾ ಕಾಫಿ ಸೋಸುತ್ತಿದ್ದಳು. "ದಿನಾ ಕಾಫಿ ತಂದುಕೊಟ್ಟೋಳ ಮುಖಾನ ಅವನು ಸಾಯೋವರ್ಗೂ ಒಂದ್ಸಲಾನೂ ನೋಡ್ಲಿಲ್ಲ. ಅದಕ್ಕೆ," ಎಂದು ಲೋಟ ಚಾಚಿದಳು.

ಎವೆಲಿಯೊ ಅವಳ ಮುಖವನ್ನೇ ನೋಡುತ್ತಾ ನಿಂತ. "ಹಿಡ್ಕೊಳ್ಳೋ, ಕೈ ಸುಡ್ತಿದೆ!" ಎಂದು ಅವಳು ಗದರಿದಳು.