ಜಯನಗರದ ತೋಟದಲ್ಲಿ ತೆಗೆದ ಅಚ್ಚು

ಹೇಳುವ ಕ್ರಮದಲ್ಲಿ ಲೋಪಗಳಿದ್ದರೆ ಓದುಗರು ಮೊದಲೇ ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವಳು ನಾನೊಬ್ಬಳೇ. ಬರೆದದ್ದನ್ನು ತಿದ್ದಿಕೊಡುವವರು ಯಾರೂ ಇಲ್ಲ. ಆದರೆ ಇದು ನಡೆದದ್ದು. ನನ್ನ ತಂದೆ ಪಕ್ಕದಲ್ಲೇ ನಿಂತು ಕೇಳಿದ್ದಾರೆ.

ಎಂಬತ್ತರ ದಶಕದ ಆರಂಭ, ಈಗ ನಾಲ್ಕೈದು ವರ್ಷದ ಹಿಂದೆ. ಇತಿಹಾಸದ ಎಂ.ಎ. ಕೊನೆಯ ವರ್ಷದಲ್ಲಿ ಸ್ವತಂತ್ರವಾಗಿ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ನಾನು ಬೇಗೂರು, ಉತ್ತರಹಳ್ಳಿ ಕಡೆಯ ವೀರಗಲ್ಲುಗಳನ್ನು ಆರಿಸಿಕೊಂಡೆ. ಊರಿಗಾಗಿ ಕಾದಾಡಿ ಸತ್ತವರ ನೆನಪಿಗೆ ನೆಟ್ಟ ಕಲ್ಲುಗಳವು. ಪ್ರಬಂಧ ಮೆಚ್ಚುಗೆಯಾದರೆ ಪ್ರಥಮ ದರ್ಜೆ, ಅದು ಬಂದರೆ ಕಾಲೇಜಿನಲ್ಲಿ ಕೆಲಸ, ಕೆಲಸವಾದರೆ ಗಿರಣಿಯ ಹತ್ತಿಧೂಳಿಗೆ ಕೆಮ್ಮುತ್ತಿದ್ದ ಅಪ್ಪನಿಗೆ ಬಿಡುಗಡೆ.

ನನ್ನ ಮಾರ್ಗದರ್ಶಕರು ಶಾಸನಗಳನ್ನು ಪುಸ್ತಕದಲ್ಲಲ್ಲದೆ ಬೇರೆಲ್ಲೂ ಕಂಡವರಲ್ಲ. ಶಾಲು ಹೊದಿಸುವ ಸಭೆಗಳಿಗೆ ಮಾತ್ರ ಎಂಥ ಬಿಸಿಲಿನಲ್ಲೂ ಹೋಗುತ್ತಿದ್ದರು.

"ಯಾರೂ ಓದದಿರೋ ಶಾಸನ ಒಂದಾದ್ರೂ ತಗೊಂಡ್ ಬಾಮ್ಮ. ಇಲ್ಲಾಂದ್ರೆ ಇದು ಹೈಸ್ಕೂಲ್ ಕಾಂಪೋಸಿಷನ್ನು" ಎಂದಿದ್ದರು.

ಅಂಥ ಕಲ್ಲು ನನಗೆ ಕಂಡದ್ದು ಹಳ್ಳಿಯಲ್ಲಲ್ಲ, ಜಯನಗರದ ಒಂದು ಬಂಗಲೆಯ ತೋಟದಲ್ಲಿ. ಬನಶಂಕರಿಯಾಚೆ ಕೆರೆಯಂಗಳ ಮುಚ್ಚಿ ಸೈಟು ಮಾಡುವಾಗ ಸಿಕ್ಕಿದ ಅದನ್ನು ಕಂಟ್ರಾಕ್ಟರನೊಬ್ಬ ನಿವೃತ್ತ ಎಂಜಿನಿಯರರಿಗೆ ಕಾಣಿಕೆ ಕೊಟ್ಟಿದ್ದ. ಅವರದು ಗೇಟಿನ ಮೇಲೆ ಗಾರೆಯ ಸಿಂಹಗಳಿದ್ದ ಮನೆ. ಆ ಸಿಂಹಗಳಿಗೂ ಅವರದೇ ಮುಖ. ತಿಂಗಳುಗಟ್ಟಲೆ ಅಲೆಸಿ, ಕೊನೆಗೊಂದು ಸಂಜೆ ಶಾಸನದ ಅಚ್ಚು ತೆಗೆಯಲು ಬರಹೇಳಿದರು. ಅಪ್ಪ ಜೊತೆಗೆ ಬಂದರು.

"ಬೇಗ ಮುಗ್ಸಿ. ನಾಳೆ ಗಾರೆಯೋರು ಬರ್ತಾರೆ. ಇದನ್ನ ಬೋರಲು ಹಾಕಿ ಗೇಟ್ ಹತ್ರ ಮೆಟ್ಲು ಮಾಡಿಸ್ತಿದೀನಿ" ಎಂದರು ಎಂಜಿನಿಯರರು.

"ಸಾರ್, ಮುಂದ್ಗಡೆ ಅಕ್ಷರ ಇದೆ..."

"ಅದಕ್ಕೇ ಬೋರಲು. ಅಕ್ಷರ ಕಾಲಿಗೆ ಚುಚ್ಚುತ್ತೆ." ಆಮೇಲೆ ಅಪ್ಪನ ಕಡೆ ತಿರುಗಿದರು. "ಏನಪ್ಪಾ, ಮಗಳನ್ನ ಇಷ್ಟು ಓದ್ಸಿ ಕೊನೆಗೆ ಕಲ್ಲು ತೊಳ್ಯೋಕೆ ಕಳ್ಸಿದೀಯಾ?"

ಅಪ್ಪ ಕೈಮುಗಿದು ನಕ್ಕರು. ಆ ನಗುವನ್ನು ನಾನು ಇಂದಿಗೂ ಸಹಿಸಲಾರೆ.

ಅಚ್ಚು ತೆಗೆಯುವ ವಿಧಾನ ಸರಳ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬಿರುಸು ಕೂದಲಿನ ಬ್ರಷ್ಷಿನಿಂದ ಬಡಿಯಬೇಕು. ಕಾಗದ ಅಕ್ಷರಗಳ ತಗ್ಗಿಗೆ ಇಳಿಯುತ್ತದೆ. ಅರೆ ಒಣಗಿದಾಗ ಮೇಲೆ ಮಸಿ ಒತ್ತಿದರೆ, ಅಕ್ಷರಗಳು ಕಲ್ಲಿನಲ್ಲಿರುವಂತೆಯೇ ನೇರವಾಗಿ, ಬಿಳಿಯಾಗಿ ಉಳಿಯುತ್ತವೆ.

ಬಡಿದು ಮುಗಿಸುವಷ್ಟರಲ್ಲಿ ಕತ್ತಲಾಯಿತು. ಕರೆಂಟು ಹೋಯಿತು. ಬ್ರಷ್ಷು ಕೆಳಗಿಟ್ಟು, ಕಾಗದ ಆರಲೆಂದು ಕುಳಿತೆ.

ತಪ್... ತಪ್... ತಪ್...

"ಸಾಕು ನಿಲ್ಸಮ್ಮ, ಹರಿದೋಗುತ್ತೆ" ಎಂದರು ಅಪ್ಪ.

"ನಾನು ಆಗ್ಲೇ ನಿಲ್ಸಿದೀನಪ್ಪ..."

ತಪ್... ತಪ್... ನಾನು ಬಡಿದ ಅದೇ ಲಯ. ಜೊತೆಗೊಂದು ವಾಸನೆ... ಕೆರೆಯ ಕೆಸರು, ಆರಿದ ಹರಳೆಣ್ಣೆ ದೀಪದ ಬತ್ತಿ.

ಎಂಜಿನಿಯರರು ಟಾರ್ಚು ಹಿಡಿದು ಬಂದರು. "ಪಕ್ಕದ್ಮನೆಯೋರು ಬಟ್ಟೆ ಒಗೀತಿದಾರೆ ಕಣ್ರೀ. ಎಂ.ಎ. ಅಂತೆ, ಎಂ.ಎ.!" ನಗುತ್ತಲೇ ಕಲ್ಲಿನ ಹಿಂದಕ್ಕೆ ಹೋಗಿ, ಅದರ ಬೆನ್ನಿನ ಮೇಲೆ ಅಂಗೈ ಇಟ್ಟರು.

ನಗು ಅಲ್ಲಿಗೇ ನಿಂತಿತು. ಕೈಯನ್ನು ಪಂಚೆಗೆ ಒರೆಸಿಕೊಂಡು, ಟಾರ್ಚನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಚಿಲಕ ಹಾಕಿದ ಸದ್ದಾಯಿತು. ನಮಗಾಗಿ ಬಾಗಿಲು ತೆರೆದಿಡಬೇಕೆಂಬ ಯೋಚನೆ ಆ ದೊಡ್ಡ ಮನುಷ್ಯರಿಗೆ ಬರಲಿಲ್ಲ.

"ಹೋಗೋಣ ಬಾಮ್ಮ..."

"ನಾಳೆ ಇದು ಸಿಗಲ್ಲಪ್ಪ."

ಅಪ್ಪ ಟಾರ್ಚು ಎತ್ತಿ ಹಿಡಿದರು. ಮಸಿ ಒತ್ತಿದೆ. ಒತ್ತಿದಷ್ಟು ಹೊತ್ತೂ ಕಾಗದದ ಅಡಿಯಿಂದ ಏನೋ ನನ್ನ ಅಂಗೈಗೆ ಮೆಲ್ಲಗೆ ತಾಗುತ್ತಿತ್ತು. ಕಾಗದ ಕಿತ್ತು ಸುತ್ತಿಕೊಂಡು ಬಸ್ಸಿನವರೆಗೂ ಓಡಿದೆವು.

ವಿಲ್ಸನ್ ಗಾರ್ಡನ್ನಿನ ನಮ್ಮ ವಠಾರದ ಮನೆಯಲ್ಲಿ, ಬಲ್ಬಿನ ಕೆಳಗೆ ಬಿಡಿಸಿ ನೋಡಿದೆ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು. ಒಳಕ್ಕೆ ತಗ್ಗಬೇಕಾದ ಕಾಗದ, ಮಸಿಯಿದ್ದ ಬದಿಗೇ, ನನ್ನ ಕಡೆಗೇ ಉಬ್ಬಿತ್ತು. ಒಳಗೆ ನಿಂತು ಯಾರೋ ಹೊರಮುಖವಾಗಿ ಬಡಿದಂತೆ...

ಮಾರ್ಗದರ್ಶಕರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. "ಕಾಗದ ತಿರುವಿ ಹಿಡ್ಕೊಂಡಿದೀಯ."

"ಸಾರ್, ಮಸಿ ಒಂದೇ ಕಡೆ ಇದೆ."

"ಹಾಗಾದ್ರೆ ತೆಗ್ಯೋಕೇ ಬರಲ್ಲ. ನಿಮ್ಮಂಥೋರಿಗೆ ಬಿ.ಎ. ಸಾಕಿತ್ತು."

ಆ ಅಧ್ಯಾಯವನ್ನು ತೆಗೆಸಿದರು. ಓದದ ಶಾಸನ ಓದದೆಯೇ ಉಳಿಯಿತು.

ಕೆಲವು ದಿನ ಬಿಟ್ಟು ಆ ಬೀದಿಯಲ್ಲಿ ಹಾದುಹೋದೆ. ಕಲ್ಲು ಮೆಟ್ಟಿಲಾಗಿತ್ತು. ಆದರೆ ಗೇಟಿಗೆ ಬೀಗ; ಎಂಜಿನಿಯರರು ಚಪ್ಪಲಿ ಕೈಯಲ್ಲಿ ಹಿಡಿದು, ಕಸದವರು ಬರುವ ಹಿಂದಿನ ಓಣಿಯಿಂದ ಮನೆಯೊಳಕ್ಕೆ ನುಸುಳುತ್ತಿದ್ದರು. ಗಾರೆಯ ಸಿಂಹಗಳು ಮಾತ್ರ ಮುಂದಿದ್ದವು.

ನಮ್ಮ ಕುಟುಂಬದಲ್ಲಿ ಆದ ಬದಲಾವಣೆಯನ್ನು ಹೇಳಿ ಮುಗಿಸುತ್ತೇನೆ. ನನಗೆ ದ್ವಿತೀಯ ದರ್ಜೆ ಬಂತು. ಕಾಲೇಜಿನ ಕೆಲಸ ಸಿಗಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅಪ್ಪ ಇನ್ನೂ ಗಿರಣಿಗೆ ಹೋಗುತ್ತಾರೆ. ಆದರೆ ಯಾವ ದೊಡ್ಡವರಿಗೂ ಅವರು ಕೈಮುಗಿದು ನಗುವುದನ್ನು ಆಮೇಲೆ ನಾನು ನೋಡಿಲ್ಲ. ವಠಾರದ ಒಗೆಯುವ ಕಲ್ಲನ್ನು ನಮ್ಮ ಮನೆಯವರು ಮುಟ್ಟುವುದಿಲ್ಲ. ಅಮ್ಮ ಬಕೆಟ್ಟಿನಲ್ಲೇ ಬಟ್ಟೆ ಉಜ್ಜುತ್ತಾರೆ. ಅದು ಅಗಲವಾದ ಹಳೆಯ ಚಪ್ಪಡಿ, ಯಾವ ಕಾಲದ್ದೋ. ಅದರ ಕೆಳಮುಖವನ್ನು ಯಾರೂ ನೋಡಿಲ್ಲ.