ಹಾಲು ಸೊರ

ನಮ್ಮ ಬಸವೇಶ್ವರನಗರದ ಬಾಡಿಗೆ ಮನೆಯ ಫ್ರಿಜ್ಜಿನಲ್ಲಿ, ಬೆಳ್ಳುಳ್ಳಿ ಹಾಕಿ ಉದುರುದುರಾಗಿ ಹುರಿದ ಸೊರ ಮೀನಿನ ಪುಟ್ಟು ತುಂಬಿದ ಸ್ಟೀಲ್ ಡಬ್ಬಿಯೊಂದು ಹತ್ತು ದಿನದಿಂದ ಹಾಗೇ ಕುಳಿತಿತ್ತು. ಎಸೆಯಲು ಯಾರಿಗೂ ಕೈ ಬಂದಿರಲಿಲ್ಲ.

ಬಾಣಂತನಕ್ಕೆ ಬಂದ ತಂಗಿ ಸುಮಾಳಿಗೆ ಹಾಲು ಸಾಲದೆಂದು ಅಮ್ಮ ನನ್ನನ್ನು ಹಾಲು ಸೊರ ತರಲು ರಾಜಾಜಿನಗರದ ಮೀನಂಗಡಿಗೆ ಕಳಿಸಿದ್ದರು. ಹಾಲು ಸೊರವೆಂದರೆ ಗಜದುದ್ದವೂ ಇರದ ಬೂದು ಶಾರ್ಕು. ನಡುಗಡಲಿನದಲ್ಲ, ಹೊಳೆ ಬಂದು ಸೇರುವ ದಡದಂಚಿನ, ಮರಳು ಕೆಸರು ಕದಡಿದ ಬೆಚ್ಚನೆಯ ನೀರಿನದು. ಅಂಗಡಿಯಾಕೆ ಹೊಟ್ಟೆ ಸೀಳಿದಾಗ ಒಳಗೆ ನಾಲ್ಕು ಮರಿಗಳಿದ್ದವು, ಒಂದೊಂದಕ್ಕೂ ಹೊಕ್ಕುಳಬಳ್ಳಿ.

"ನೋಡಣ್ಣ, ಇದೂ ನಮ್ ಥರಾನೇ ಹೆರೋದು. ಅದಕ್ಕೇ ಬಾಣಂತೀಗೆ ಹಾಲಿಳಿಸುತ್ತೆ" ಎಂದಳು.

ನಾನು ಪ್ರಾಣಿಶಾಸ್ತ್ರ ಓದಿದವನು. ಹೆಸರಿನಲ್ಲಲ್ಲದೆ ಆ ಮೀನಿನ ಮೈಯಲ್ಲಿ ಬೇರೆಲ್ಲೂ ಹಾಲಿಲ್ಲವೆಂದು ಬಲ್ಲೆ. ಹೆಚ್ಚುಕಡಿಮೆ ವರ್ಷವಿಡೀ ಬಸಿರು ಹೊತ್ತು ಬಳ್ಳಿಯಿಂದ ಉಣಿಸಿದ ತಾಯಿ, ಹೆತ್ತ ಮೇಲೆ ಮರಿಯನ್ನು ತಿರುಗಿಯೂ ನೋಡುವುದಿಲ್ಲ. ಮರಿ ಹಲ್ಲಿನೊಂದಿಗೇ ಹುಟ್ಟಿ ತನ್ನ ಬೇಟೆಗೆ ತಾನೇ ಹೊರಡುತ್ತದೆ. ಅದಕ್ಕೆ ಅಳುವ ಅಗತ್ಯವೂ ಇಲ್ಲ, ಅಳಲು ದನಿಯೂ ಇಲ್ಲ. ಇಷ್ಟನ್ನೂ ಅಮ್ಮನಿಗೆ ಹೇಳಬಹುದಿತ್ತು. ತಿಂದರೆ ನಷ್ಟವೇನು ಎಂದುಕೊಂಡು ಸುಮ್ಮನಾದೆ. ನಷ್ಟ ಮೀನಿನಲ್ಲಿರಲಿಲ್ಲ ಸ್ನೇಹಿತರೇ, ಅದರ ಮೇಲೆ ನಾವಿಟ್ಟ ಭರವಸೆಯಲ್ಲಿತ್ತು.

ಸುಮಾ ಪುಟ್ಟು ತಿಂದ ಮರುದಿನವೇ ಮಗುವಿನ ಅಳು ಕಡಿಮೆಯಾಯಿತು. "ಹಾಲು ಸಾಕಾಗ್ತಿದೆ ಕಣೋ, ಎಷ್ಟು ಸಾಧುವಾಗಿ ಮಲಗಿದೆ ನೋಡು" ಎಂದು ಅಮ್ಮ ಹಿಗ್ಗಿದರು. ಮೂರನೆಯ ಬೆಳಗ್ಗೆ ನೀರೆರೆಯಲೆಂದು ಎತ್ತಿಕೊಂಡಾಗ ಅದರ ಕತ್ತು ಜೋತುಬಿತ್ತು, ತುಟಿ ಒಣಗಿತ್ತು, ಹಿಂದಿನ ಸಂಜೆ ಕಟ್ಟಿದ ಬಟ್ಟೆ ಒದ್ದೆಯೇ ಆಗಿರಲಿಲ್ಲ. ನನ್ನ ಸ್ಕೂಟರಿನ ಹಿಂದೆ ಮಗುವನ್ನು ಅವುಚಿಕೊಂಡು ಕುಳಿತ ಸುಮಾ, ಕೆಂಪು ಸಿಗ್ನಲ್ಲಿನಲ್ಲಿ ನಿಂತಾಗ, "ಅಳು ಕಂದ, ಒಂದ್ಸಲ ಅಳು" ಎಂದು ಬೇಡುತ್ತಿದ್ದಳು. ಆ ದೀಪ ಹಸಿರಾಗಲು ಹಿಡಿದ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಅಂಗಾಲು ತಟ್ಟಿ ನೋಡಿ, "ಹಾಲು ಸಾಲ್ದೆ ಅಳೋಕೂ ಶಕ್ತಿ ಇಲ್ಲ ಇದಕ್ಕೆ. ನೀವು ನಿದ್ದೆ ಅಂದ್ಕೊಂಡ್ರಾ?" ಎಂದರು.

ಮಗು ಉಳಿಯಿತು, ಈಗ ಬಾಟಲಿಯಲ್ಲಿ ಕುಡಿಯುತ್ತದೆ. ಆದರೆ ಅದಕ್ಕೆ ಗಾಢ ನಿದ್ದೆ ಹತ್ತಿದರೆ ಸಾಕು, ಸುಮಾ ಅಂಗಾಲು ತಟ್ಟಿ ಎಬ್ಬಿಸುತ್ತಾಳೆ. ಅದು ಅತ್ತರೆ ತಾನೂ ಅಳುತ್ತಾಳೆ.

ಇವತ್ತು ಬೆಳಗ್ಗೆ ನಾನು ಪುಟ್ಟನ್ನು ಎಸೆದು ಡಬ್ಬಿ ತೊಳೆಯುತ್ತಿದ್ದಾಗ ಮುಚ್ಚಳ ಕೈಜಾರಿ ಬಿತ್ತು. ಮಗು ಬೆಚ್ಚಿ, ಮನೆ ಹಾರಿಹೋಗುವಂತೆ ಅತ್ತಿತು. ಎತ್ತಿಕೊಳ್ಳಲು ಯಾರೂ ಓಡಲಿಲ್ಲ. ಮೂವರೂ ಇದ್ದಲ್ಲೇ ನಿಂತು, ಸ್ವಲ್ಪ ಹೊತ್ತು ಸುಮ್ಮನೆ ಕೇಳಿದೆವು.