ಮಾವನಿಗೆ ಪಥ್ಯ, ಸೊಸೆಗೆ ಲಾಡು

ಮೊನ್ನೆ ಮಾಲೂರಿನಲ್ಲಿ, ಸೀಮಂತದ ಹಸೆಯ ಮೇಲೆ ಕೂತಿದ್ದ ಬಸುರಿಯ ಬಾಯಿಗೆ ಹೋಗುತ್ತಿದ್ದ ಲಾಡು ಕಿತ್ತುಕೊಂಡೆ. ಹೌದು, ನಾನೇ. ಆ ಬಸುರಿ ನನ್ನ ತಂಗಿ ಜಯ.

ಬೈಯುವವರು ಸ್ವಲ್ಪ ತಾಳಿ. ಹೋದ ಸಲ ಜಯಳ ಕೂಸು ಹೊಟ್ಟೆಯಲ್ಲೇ ವಿಪರೀತ ಬೆಳೆದು, ಉಸಿರಿಲ್ಲದೆ ಹುಟ್ಟಿತು. ಈ ಸಲ ಹಟ ಹಿಡಿದು ಕೋಲಾರದ ಲೇಡಿ ಡಾಕ್ಟರ ಬಳಿ ಕರೆದೊಯ್ದೆ. ಆಕೆ ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಕಾಯಿಸಿದರು. ನೀಲಿ ಹೋಗಿ ಮಾಲೂರಿನ ಇಟ್ಟಿಗೆಯ ಬಣ್ಣವೇ ಬಂತು!

"ಸಕ್ಕರೆ ಕಾಯಿಲೆ ಕಣಮ್ಮ. ಸಿಹಿ ಮುಟ್ಟಬೇಡ. ಅನ್ನ ಒಂದು ಹಿಡಿ, ಮುದ್ದೆ ಅರ್ಧ. ಸೊಪ್ಪು, ಕಾಳು, ಮಜ್ಜಿಗೆ ತಗೋ. ಪಥ್ಯ ಬಿಟ್ರೆ ಈ ಮಗೂನೂ ಕೈಗೆ ಸಿಗೋದು ಕಷ್ಟ" ಅಂದರು.

ಜಯಳ ಅತ್ತೆ ಕೇಳಿದರೆ ತಾನೆ? "ಉಚ್ಚೆ ಕಾಯಿಸಿ ಭವಿಷ್ಯ ಹೇಳ್ತಾಳಾ ಆಯಮ್ಮ? ಬಸುರಿ ಬಯಕೆ ತೀರಿಸ್ದಿದ್ರೆ ಮಗೂಗೆ ಕಿವಿ ಸೋರುತ್ತೆ!" (ಬಯಕೆ ಯಾರದು? ಜಯ ಕೇಳಿದ್ದು ಒಂದು ಲೋಟ ಮಜ್ಜಿಗೆ.)

ಈ ಯುದ್ಧ ಶುರುವಾದ ಮೇಲೆ ಸಕ್ಕರೆಗೂ ರೇಷನ್. ಆದರೂ ಬೀದಿಯ ಹೆಂಗಸರೆಲ್ಲ ತಮ್ಮ ಕಾಫಿಗೆ ಬೆಲ್ಲ ಹಾಕಿಕೊಂಡು, ಸಕ್ಕರೆ ಉಳಿಸಿ ಲಾಡು ಕಟ್ಟಿ ತಂದಿದ್ದರು. ಆ ಪ್ರೀತಿಗೆ ಏನನ್ನಲಿ? ಹಸೆಯ ಮೇಲೆ ಕೂತವಳು ಬೇಡ ಅನ್ನುವಂತಿಲ್ಲ. ಒಬ್ಬೊಬ್ಬರದೂ ಒಂದೊಂದು ತುತ್ತು. ಜಯ ನನ್ನತ್ತ ನೋಡಿದಳು, ಕಣ್ಣಲ್ಲಿ ನೀರು. ನನಗೆ ತಡೆಯಲಾಗಲಿಲ್ಲ.

"ಅಯ್ಯೋ ದೇವುಡಾ! ತಂಗಿ ತಿನ್ನೋದು ಕಂಡ್ರೆ ಹೊಟ್ಟೆಕಿಚ್ಚಾ ನಿಮ್ಗೆ?" ಎಂದು ಅತ್ತೆ ಕೂಗಿದರು.

ಆಗ ಕಣ್ಣಿಗೆ ಬಿದ್ದವರು, ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ ಜಯಳ ಮಾವ. ಸೀದಾ ಹೋಗಿ ಲಾಡನ್ನು ಅವರ ಎಲೆಗೆ ಹಾಕಿದೆ. (ಪಾಪ, ಅವರು ಕೈ ಹಾಕಿಯೇಬಿಟ್ಟರು!)

ಅತ್ತೆ ಓಡಿಬಂದು ಕಸಿದುಕೊಂಡರು. "ಅವ್ರಿಗೆ ಕೊಡ್ಬೇಡೀಮ್ಮ! ಸಕ್ಕರೆ ಕಾಯಿಲೆ! ಎಂಟು ವರ್ಷದಿಂದ ಬೇರೆ ಅಡುಗೆ ಮಾಡಿ ಕಾಪಾಡ್ಕೊಂಡಿದೀನಿ!"

"ಮತ್ತೆ ಜಯಂಗೆ?"

ಅತ್ತೆ ಲಾಡು ಹಿಡಿದುಕೊಂಡೇ ನಿಂತರು. ಕೊನೆಗೆ ಮಾವನೇ ತಮ್ಮ ಸೊಪ್ಪಿನ ಪಲ್ಯದ ಬೋಗುಣಿಯನ್ನು ಮುಂದೆ ತಳ್ಳಿ, "ಮೊದ್ಲು ಆ ಹುಡುಗಿಗೆ ಬಡ್ಸೇ" ಅಂದರು.

ಜಯ ಆವತ್ತು ಅದನ್ನೇ ಉಂಡಳು. ನನಗೆ ಮಾತ್ರ ಇನ್ನೂ ಸಿಟ್ಟು ಇಳಿದಿಲ್ಲ. ಆ ಮನೆಯಲ್ಲಿ ಪಥ್ಯ ಗೊತ್ತಿಲ್ಲದೆ ಇರಲಿಲ್ಲ. ಗಂಡಸಿಗೆ ಬಂದರೆ ಕಾಯಿಲೆ, ಬಸುರಿಗೆ ಬಂದರೆ ನಖರಾ!

ಅಲ್ಲ ಸ್ವಾಮಿ, ಎಂಟು ವರ್ಷದಿಂದ ಅದೇ ಒಲೆಯ ಮೇಲೆ ಬೇಯುತ್ತಿದ್ದ ಸೊಪ್ಪು ಸೊಸೆಯ ಎಲೆಗೆ ಬರಲು ಒಂದು ಕೂಸು ಸಾಯಬೇಕಿತ್ತೆ?